ಬೊಜ್ಜು ತಡೆ ಮತ್ತು ಆರೋಗ್ಯ ಸಮತೆ: ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ನಂತರ ಸದಸ್ಯರಿಗೆ ಮೂರು ವಿಷಯಗಳು ಸ್ಪಷ್ಟವಾಗಬೇಕು. ಮೊದಲನೆಯದು, ಬೊಜ್ಜು ನಗರದ ಸ್ಥಿತಿವಂತರ ಸಮಸ್ಯೆಯಾಗಿ ಮಾತ್ರ ಏಕೆ ಉಳಿದಿಲ್ಲ ಎಂಬುದು. ಎರಡನೆಯದು, ಎಲ್ಲರಿಗೂ ಒಂದೇ ಉಪದೇಶವನ್ನು ನೀಡಿದರೆ ಅದರ ಲಾಭ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಏಕೆ ಮುಟ್ಟುವುದಿಲ್ಲ ಎಂಬುದು. ಮೂರನೆಯದು, ಗ್ರಾಮ ಪಂಚಾಯಿತಿಯು ತನ್ನ ಅಧಿಕಾರ ಮತ್ತು ಅನುದಾನದ ಮಿತಿಯೊಳಗೆ ಈ ಅಂತರವನ್ನು ಕಡಿಮೆ ಮಾಡಲು ಏನು ಮಾಡಬಹುದು ಎಂಬುದು.

1. ಅಂಕಿ ಅಂಶಗಳು ತಿಳಿಸುವುದೇನು?

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 23.3ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. 2019-21ರ ಐದನೆಯ ಸಮೀಕ್ಷೆಯ ವೇಳೆಗೆ ಈ ಪ್ರಮಾಣ ಶೇಕಡ 30.1ಕ್ಕೆ ಏರಿತು. ಪುರುಷರಲ್ಲಿ ಅದು ಶೇಕಡ 22.1ರಿಂದ 30.9ಕ್ಕೆ ಏರಿತು. ಅಂದರೆ ರಾಜ್ಯದ ಪ್ರತಿ ಹತ್ತು ಮಂದಿ ವಯಸ್ಕರಲ್ಲಿ ಸುಮಾರು ಮೂವರ ತೂಕ ಮಿತಿಯನ್ನು ಮೀರಿದೆ.

ಇದೇ ಸಮೀಕ್ಷೆಯ ಇನ್ನೊಂದು ಮುಖವನ್ನೂ ಸದಸ್ಯರು ನೋಡಬೇಕು. ರಾಜ್ಯದ ಮಹಿಳೆಯರಲ್ಲಿ ಶೇಕಡ 17.2ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೀಗೆ ಆಹಾರದ ಕೊರತೆ ಇನ್ನೂ ನೀಗದಿರುವಾಗಲೇ ಆಹಾರದ ಅಸಮತೋಲನವೂ ಬಂದು ಸೇರಿದೆ. ಒಂದೇ ಮನೆಯಲ್ಲಿ ತಾಯಿಗೆ ಬೊಜ್ಜು, ಮಗುವಿಗೆ ಕುಂಠಿತ ಬೆಳವಣಿಗೆ ಇರುವುದು ಇಂದು ಅಪರೂಪವಲ್ಲ.

ನಮ್ಮ ದೇಶದಲ್ಲಿ ಬೊಜ್ಜು ಇಂದಿಗೂ ಹಳ್ಳಿಗಿಂತ ನಗರದಲ್ಲಿ, ಬಡವರಿಗಿಂತ ಉಳ್ಳವರಲ್ಲಿ ಹೆಚ್ಚು. ಹಾಗಾದರೆ ಇದರಲ್ಲಿ ಸಮತೆಯ ಪ್ರಶ್ನೆ ಎಲ್ಲಿ ಬರುತ್ತದೆ ಎಂಬ ಸಂದೇಹ ಸಹಜ. ಅದಕ್ಕೆ ಎರಡು ಉತ್ತರಗಳಿವೆ. ಒಂದು, ಆದಾಯ ಹೆಚ್ಚಿರುವ ಅನೇಕ ದೇಶಗಳಲ್ಲಿ ಬೊಜ್ಜಿನ ಭಾರ ಈಗ ಬಡ ಕುಟುಂಬಗಳ ಮೇಲೆ, ಅದರಲ್ಲಿಯೂ ಬಡ ಮಹಿಳೆಯರ ಮೇಲೆ ಹೆಚ್ಚಾಗಿ ಬಿದ್ದಿದೆ. ಅಗ್ಗದ ಎಣ್ಣೆ, ಸಕ್ಕರೆ, ಪೊಟ್ಟಣದ ತಿಂಡಿಗಳು ಹಳ್ಳಿಯ ಪೆಟ್ಟಿಗೆ ಅಂಗಡಿಯವರೆಗೂ ಬಂದಿರುವುದರಿಂದ ಇಲ್ಲಿಯೂ ದಾರಿ ಅತ್ತ ಕಡೆಗೇ ಇದೆ. ಎರಡು, ಬೊಜ್ಜಿನಿಂದ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳು ಉಳ್ಳವರಲ್ಲಿ ಬೇಗ ಪತ್ತೆಯಾಗುತ್ತವೆ, ಕೂಲಿಕಾರರಲ್ಲಿ ತಡವಾಗಿ ಪತ್ತೆಯಾಗುತ್ತವೆ. ಸಂಬಳದಾರನಿಗೆ ಆಸ್ಪತ್ರೆಯ ದಿನವೆಂದರೆ ಒಂದು ರಜೆ. ದಿನಗೂಲಿಯವರಿಗೆ ಅದು ಕಳೆದುಹೋದ ಒಂದು ದಿನದ ಅನ್ನ.

2. ಅಳತೆಯ ಅರಿವು

ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. 150 ಸೆಂಟಿಮೀಟರ್ ಎತ್ತರ, 54 ಕಿಲೋ ತೂಕವಿರುವ ಮಹಿಳೆಯ ಸೂಚ್ಯಂಕ 24. ಅಂತಾರಾಷ್ಟ್ರೀಯ ಅಳತೆಯಲ್ಲಿ 25 ಮೀರಿದರೆ ಮಾತ್ರ ಅಧಿಕ ತೂಕ, 30 ಮೀರಿದರೆ ಬೊಜ್ಜು. ಆದರೆ ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ, 23 ಮೀರಿದರೆ ಅಧಿಕ ತೂಕ, 25 ಮೀರಿದರೆ ಬೊಜ್ಜು ಎಂದು ಭಾರತೀಯ ತಜ್ಞರು 2009ರಲ್ಲಿ ಸೂಚಿಸಿದ್ದಾರೆ. ಆ ಪ್ರಕಾರ ಮೇಲಿನ ಉದಾಹರಣೆಯ ಮಹಿಳೆ ಎಚ್ಚರ ವಹಿಸಬೇಕಾದವರ ಸಾಲಿಗೆ ಸೇರುತ್ತಾರೆ. ಗರ್ಭಿಣಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಮಕ್ಕಳಿಗೆ ಬೇರೆಯೇ ಬೆಳವಣಿಗೆಯ ಪಟ್ಟಿಗಳಿವೆ.

ತಕ್ಕಡಿಗಿಂತ ಸರಳವಾದ ಸಾಧನ ದರ್ಜಿಯ ಟೇಪು. ಸೊಂಟದ ಸುತ್ತಳತೆ ಮಹಿಳೆಯರಲ್ಲಿ 80 ಸೆಂಟಿಮೀಟರ್, ಪುರುಷರಲ್ಲಿ 90 ಸೆಂಟಿಮೀಟರ್ ಮೀರಿದರೆ ಅಪಾಯ ಹೆಚ್ಚು. ಆಶಾ ಕಾರ್ಯಕರ್ತೆಯರು 30 ವರ್ಷ ಮೇಲ್ಪಟ್ಟವರಿಗಾಗಿ ಮನೆಮನೆಯಲ್ಲಿ ಭರ್ತಿ ಮಾಡುವ ತಪಾಸಣಾ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಕುಟುಂಬದ ರೋಗ ಇತಿಹಾಸ ಎಂಬ ಆರು ಅಂಶಗಳಿಗೆ ಅಂಕಗಳಿವೆ. ಒಟ್ಟು ಅಂಕ 4ನ್ನು ಮೀರಿದವರನ್ನು ಆದ್ಯತೆಯ ಮೇರೆಗೆ ತಪಾಸಣೆಗೆ ಕಳುಹಿಸಬೇಕು. ಈ ನಮೂನೆ ಎಲ್ಲ ಬಡಾವಣೆಗಳಲ್ಲಿ, ಎಲ್ಲ ಹಟ್ಟಿಗಳಲ್ಲಿ ಭರ್ತಿಯಾಗಿದೆಯೇ ಎಂದು ವಿಚಾರಿಸುವುದು ಸದಸ್ಯರ ಮೊದಲ ಕೆಲಸ.

3. ಸಣ್ಣ ಕೂಸು, ಅಡಗಿದ ಕೊಬ್ಬು: ಮೈಸೂರಿನ ಪಾಠ

ಕೊರತೆಗೂ ಬೊಜ್ಜಿಗೂ ಇರುವ ಸಂಬಂಧವನ್ನು ಜಗತ್ತಿಗೆ ತೋರಿಸಿದ ಅಧ್ಯಯನಗಳಲ್ಲಿ ಒಂದು ಕರ್ನಾಟಕದಲ್ಲಿಯೇ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಜನಿಸಿದ ಶಿಶುಗಳ ಬೆಳವಣಿಗೆಯನ್ನು ಸಂಶೋಧಕರು ವರ್ಷಾನುಗಟ್ಟಲೆ ಗಮನಿಸುತ್ತ ಬಂದರು. ಅಲ್ಲಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ, ಉದ್ದದಲ್ಲಿ, ಸ್ನಾಯುವಿನಲ್ಲಿ ಸಣ್ಣವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಆ ಕೊರತೆ ಅಷ್ಟಾಗಿ ಇರಲಿಲ್ಲ. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗಾಗಲೇ ಕೊಬ್ಬು ಹೆಚ್ಚಾಗಿ ಕಂಡುಬಂದಿತು.

ಇದರಿಂದ ಗ್ರಾಮ ಪಂಚಾಯಿತಿಯು ತಿಳಿಯಬೇಕಾದುದೇನೆಂದರೆ, ಬೊಜ್ಜು ತಡೆಯುವ ಕೆಲಸ ನಲವತ್ತು ದಾಟಿದವರ ವ್ಯಾಯಾಮದಿಂದಲ್ಲ, ಗರ್ಭಿಣಿಯ ಊಟದಿಂದ ಆರಂಭವಾಗುತ್ತದೆ. 2017ರಿಂದ ಅಂಗನವಾಡಿಗಳಲ್ಲಿ ಜಾರಿಯಲ್ಲಿರುವ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಬಿಸಿಯೂಟ, ಗರ್ಭಿಣಿಯರ ಸಕ್ಕರೆ ತಪಾಸಣೆ, ಆರು ತಿಂಗಳ ಕಾಲ ಎದೆಹಾಲು ಇವೆಲ್ಲವೂ ಬೊಜ್ಜು ತಡೆಯ ಕ್ರಮಗಳೇ ಆಗಿವೆ. ಅಂಗನವಾಡಿ ದೂರವಿರುವ ತೋಟದ ಮನೆಗಳ, ತಾಂಡಾಗಳ ಗರ್ಭಿಣಿಯರು ಊಟಕ್ಕೆ ಬರಲಾಗದಿದ್ದರೆ, ಅಲ್ಲಿ ಬಿತ್ತಿದ ಅಸಮತೆಯನ್ನು ಮೂವತ್ತು ವರ್ಷಗಳ ನಂತರ ಆಸ್ಪತ್ರೆಯಲ್ಲಿ ಕೊಯ್ಯಬೇಕಾಗುತ್ತದೆ.

4. ಸಮಾನತೆ ಬೇರೆ, ಸಮತೆ ಬೇರೆ

ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ನೀಡುವುದು ಸಮಾನತೆ. ಯಾರಿಗೆ ಅಡ್ಡಿ ಹೆಚ್ಚಿದೆಯೋ ಅವರ ಅಡ್ಡಿಯನ್ನು ಮೊದಲು ನಿವಾರಿಸಿ, ಎಲ್ಲರೂ ಒಂದೇ ಫಲವನ್ನು ಪಡೆಯುವಂತೆ ಮಾಡುವುದು ಸಮತೆ. "ದಿನವೂ ನಡೆಯಿರಿ, ಎಣ್ಣೆ ಸಕ್ಕರೆ ಕಡಿಮೆ ಮಾಡಿ, ಹಣ್ಣು ತರಕಾರಿ ತಿನ್ನಿ" ಎಂಬ ಉಪದೇಶ ತಪ್ಪಲ್ಲ. ಆದರೆ ಅದನ್ನು ಪಾಲಿಸಲು ಜಾಗ, ಸಮಯ, ಹಣ, ಮನೆಯಲ್ಲಿ ಮಾತಿನ ಹಕ್ಕು ಬೇಕು. ಇವು ಎಲ್ಲರಿಗೂ ಒಂದೇ ರೀತಿ ಇಲ್ಲವೆಂಬುದನ್ನು ನಮ್ಮ ಜಿಲ್ಲೆಯ ಮೂರು ಕಡೆಗಳಲ್ಲಿ ನೋಡಬಹುದು.

ತುಮಕೂರು ನಗರದಲ್ಲಿ ಅಮಾನಿಕೆರೆಯ ನಡಿಗೆ ಪಥವಿದೆ, ಕ್ರೀಡಾಂಗಣವಿದೆ. ಬೆಳಗಿನ ಒಂದು ಗಂಟೆಯನ್ನು ತನಗಾಗಿ ಇಟ್ಟುಕೊಳ್ಳಬಲ್ಲ ನಿವಾಸಿಗೆ ಉಪದೇಶ ಕೂಡಲೇ ಉಪಯೋಗಕ್ಕೆ ಬರುತ್ತದೆ. ಅದೇ ನಗರದಲ್ಲಿ ಬೆಳಗ್ಗೆ ನಾಲ್ಕಾರು ಮನೆಗಳ ಪಾತ್ರೆ ತೊಳೆಯಲು ಹೋಗುವ ಮಹಿಳೆಗೂ, ವಸಂತನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಯುವಕನಿಗೂ ಆ ಪಥ ಇದ್ದೂ ಇಲ್ಲದಂತೆ. ನಗರದ ಅಂಚಿನ ಪಂಚಾಯಿತಿಗಳಲ್ಲಿ ಹೊಲಗಳು ನಿವೇಶನಗಳಾಗಿವೆ. ಆದರೆ ಉದ್ಯಾನಕ್ಕೆಂದು ಬಿಟ್ಟ ಜಾಗ ಎಷ್ಟೋ ಬಡಾವಣೆಗಳಲ್ಲಿ ಹಾಗೆಯೇ ಪಾಳುಬಿದ್ದಿರುತ್ತದೆ.

ಗುಬ್ಬಿ ತಾಲ್ಲೂಕಿನ ತೆಂಗು, ಅಡಿಕೆ ತೋಟಗಳಲ್ಲಿ ದುಡಿಯುವ ಮಹಿಳೆಗೆ "ನಡೆಯಿರಿ" ಎಂದು ಹೇಳುವುದು ಅರ್ಥವಿಲ್ಲದ ಮಾತು. ಆಕೆಯ ಕೊರತೆ ನಡಿಗೆಯಲ್ಲಿಲ್ಲ, ತಟ್ಟೆಯಲ್ಲಿದೆ. ತೋಟದ ಒಡೆಯನ ಮನೆಯಲ್ಲಿ ಹಾಲು, ಹಣ್ಣು, ಕಾಳು ಇರುತ್ತವೆ. ಕೂಲಿಯ ಮನೆಯಲ್ಲಿ ಅನ್ನ ಅಥವಾ ಮುದ್ದೆಗೆ ತಿಳಿಸಾರು, ಸಂಜೆಗೆ ಸಕ್ಕರೆ ಹೆಚ್ಚಿರುವ ಟೀ, ಮಕ್ಕಳಿಗೆ ಐದು ರೂಪಾಯಿಯ ಪೊಟ್ಟಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡ 45ನ್ನು ಮೀರಬಾರದು. ವಾಸ್ತವದಲ್ಲಿ ಅದು ಶೇಕಡ 50ರಿಂದ 70ರಷ್ಟಿದೆ. ಕಾಳು, ಸೊಪ್ಪು, ಮೊಟ್ಟೆಗಳ ಜಾಗವನ್ನು ಧಾನ್ಯ, ಎಣ್ಣೆ, ಸಕ್ಕರೆ ತುಂಬಿದಾಗ ಹೊಟ್ಟೆ ತುಂಬುತ್ತದೆ, ಪೋಷಣೆ ದೊರೆಯುವುದಿಲ್ಲ.

ಕುಣಿಗಲ್ ತಾಲ್ಲೂಕಿನ ಮೂಲಕ ಬೆಂಗಳೂರು–ಮಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಹೆದ್ದಾರಿಯಿಂದ ಉದ್ಯೋಗ ಬಂದಿದೆ, ವ್ಯಾಪಾರ ಬಂದಿದೆ. ಅದರೊಂದಿಗೆ ಕರಿದ ತಿಂಡಿಯ, ತಂಪು ಪಾನೀಯದ ಅಂಗಡಿಗಳ ಸಾಲೂ ಬಂದಿದೆ. 250 ಮಿಲಿಲೀಟರಿನ ಒಂದು ಸಿಹಿ ತಂಪು ಪಾನೀಯದಲ್ಲಿ ಸಾಮಾನ್ಯವಾಗಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಇನ್ನೊಂದೆಡೆ, ವೇಗದ ವಾಹನಗಳ ರಸ್ತೆಯನ್ನು ದಾಟಿ ಶಾಲೆಗೆ ಹೋಗಬೇಕಾದ ಮಗುವನ್ನು ತಂದೆತಾಯಿ ನಡೆಯಲು ಬಿಡುವುದಿಲ್ಲ. ಆಟದ ಬಯಲಿಗೂ ಕಳುಹಿಸುವುದಿಲ್ಲ. ಮಕ್ಕಳಿಗೆ ದಿನಕ್ಕೆ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳನ್ನು ಕಸಿದುಕೊಂಡದ್ದು ಮಗುವಿನ ಸೋಮಾರಿತನವಲ್ಲ, ರಸ್ತೆಯ ಅಪಾಯ.

5. ಉಪದೇಶವೋ, ಪರಿಸ್ಥಿತಿಯ ಬದಲಾವಣೆಯೋ?

ಸಾರ್ವಜನಿಕ ಆರೋಗ್ಯದ ಕ್ರಮಗಳು ಎರಡು ಬಗೆಯವು. ಒಂದು, ವ್ಯಕ್ತಿಗೆ ತಿಳಿವಳಿಕೆ ನೀಡಿ ಅವರೇ ಬದಲಾಗಲೆಂದು ನಿರೀಕ್ಷಿಸುವುದು. ಇನ್ನೊಂದು, ಒಳ್ಳೆಯ ಆಯ್ಕೆ ತಾನಾಗಿಯೇ ಕೈಗೆಟುಕುವಂತೆ ಸುತ್ತಲಿನ ಪರಿಸ್ಥಿತಿಯನ್ನು ಬದಲಿಸುವುದು. ಮೊದಲನೆಯದನ್ನು ಮಾತ್ರ ಮಾಡಿದರೆ ಅನುಕೂಲವಿದ್ದವರು ಮುಂದೆ ಹೋಗುತ್ತಾರೆ, ಇಲ್ಲದವರು ಇನ್ನಷ್ಟು ಹಿಂದೆ ಉಳಿಯುತ್ತಾರೆ. ಒಳ್ಳೆಯ ಉದ್ದೇಶದ ಕಾರ್ಯಕ್ರಮವೇ ಅಂತರವನ್ನು ಹಿಗ್ಗಿಸುವ ಸಂದರ್ಭ ಇದು.

ಮೆಕ್ಸಿಕೊ ದೇಶವು 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ವಿಧಿಸಿತು. ಖರೀದಿ ಹೆಚ್ಚು ಇಳಿದದ್ದು ಬಡ ಕುಟುಂಬಗಳಲ್ಲಿ. ಬ್ರೆಜಿಲ್ ದೇಶವು ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇಕಡ 30ನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಬಳಸಬೇಕೆಂದು 2009ರಲ್ಲಿ ಕಾನೂನು ಮಾಡಿತು. ಮಕ್ಕಳ ತಟ್ಟೆಗೆ ತಾಜಾ ಆಹಾರವೂ ಊರಿನ ರೈತನಿಗೆ ಮಾರುಕಟ್ಟೆಯೂ ಒಟ್ಟಿಗೆ ದೊರೆಯಬೇಕೆಂಬುದು ಅದರ ಆಶಯ.

ತೆರಿಗೆ ವಿಧಿಸುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ಶಾಲೆಯ ಬಾಗಿಲಿನ ಮುಂದಿನ ಪರಿಸರ ಅದರ ಕಣ್ಣಳತೆಯಲ್ಲಿಯೇ ಇದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ, ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ಆಹಾರವನ್ನು ಶಾಲಾ ಆವರಣದಲ್ಲಿಯೂ ಶಾಲೆಯ ದ್ವಾರದಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರುವಂತಿಲ್ಲ. ಇಲ್ಲಿಯೂ ಸಮತೆಯ ದೃಷ್ಟಿ ಬೇಕು. ಶಾಲೆಯ ಎದುರು ಪೆಟ್ಟಿಗೆ ಅಂಗಡಿ ಇಟ್ಟವರು ಬಹುಪಾಲು ಬಡವರೇ. ಅಂಗಡಿಯನ್ನು ಎತ್ತಿಸುವ ಮೊದಲು ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು, ಸೀಬೆಹಣ್ಣು, ಸೌತೆಕಾಯಿ, ಚುರುಮುರಿ ಮಾರಲು ಅವರಿಗೆ ದಾರಿ ಮಾಡಿಕೊಡಬೇಕು. ಅಗತ್ಯವಿದ್ದರೆ ಸ್ವಸಹಾಯ ಸಂಘದ ಮೂಲಕ ಸಣ್ಣ ಸಾಲದ ನೆರವನ್ನು ಒದಗಿಸಬೇಕು.

6. ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

(ಅ) ಯೋಜನೆಯಲ್ಲಿ ಸ್ಥಾನ: ಸ್ಥಳೀಯ ಸುಸ್ಥಿರ ಅಭಿವೃದ್ಧಿ ಗುರಿಗಳ ಒಂಬತ್ತು ವಿಷಯಗಳಲ್ಲಿ "ಆರೋಗ್ಯಕರ ಗ್ರಾಮ" ಒಂದು. "ನಮ್ಮ ಗ್ರಾಮ ನಮ್ಮ ಯೋಜನೆ" ಸಿದ್ಧಪಡಿಸುವಾಗ ಬೊಜ್ಜು, ಅಪೌಷ್ಟಿಕತೆ ಎರಡನ್ನೂ ಒಂದೇ ಶೀರ್ಷಿಕೆಯಡಿ ಚರ್ಚಿಸಬೇಕು. ಸಾಮಾಜಿಕ ನ್ಯಾಯ ಸಮಿತಿ ಮತ್ತು ಸೌಕರ್ಯ ಸಮಿತಿಗಳು ಈ ವಿಷಯದಲ್ಲಿ ಒಟ್ಟಾಗಿ ಕುಳಿತುಕೊಳ್ಳುವುದು ಒಳಿತು.

(ಆ) ತಪಾಸಣೆ ಮನೆಬಾಗಿಲಿಗೆ: 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಅನಂತರ ವಿಸ್ತರಿಸಲ್ಪಟ್ಟ ಗೃಹ ಆರೋಗ್ಯ ಯೋಜನೆಯು 30 ವರ್ಷ ಮೇಲ್ಪಟ್ಟವರ ತಪಾಸಣೆಯನ್ನು ಮನೆಬಾಗಿಲಿಗೆ ತಂದಿದೆ. ತಂಡ ಬರುವ ಹೊತ್ತಿಗೆ ಕೂಲಿಕಾರರು ಮನೆಯಲ್ಲಿರುವುದಿಲ್ಲ. ಆದ್ದರಿಂದ ಕೂಲಿಯವರ ಬಡಾವಣೆಗಳಲ್ಲಿ ಸಂಜೆಯ ವೇಳೆಗೋ ವಾರದ ರಜೆಯ ದಿನಕ್ಕೋ ತಪಾಸಣೆ ಇರಿಸುವಂತೆ ಸಮುದಾಯ ಆರೋಗ್ಯ ಅಧಿಕಾರಿಯೊಂದಿಗೆ ಮಾತನಾಡಿ ಗೊತ್ತುಪಡಿಸಬೇಕು.

(ಇ) ತಟ್ಟೆಯ ಸುಧಾರಣೆ: ರಾಗಿ, ಹುರುಳಿ, ಅವರೆ, ಅಲಸಂದೆ, ಬೆರಕೆ ಸೊಪ್ಪುಗಳು ಈ ನಾಡಿನ ಹಳೆಯ ಆಹಾರ. ಉಪ್ಸಾರು, ಬಸ್ಸಾರು ಯಾವ ಪಥ್ಯದ ಊಟಕ್ಕೂ ಕಡಿಮೆಯಲ್ಲ. ಶಾಲೆ ಮತ್ತು ಅಂಗನವಾಡಿಗಳ ಕೈತೋಟಕ್ಕೆ ನೀರಿನ ಸಂಪರ್ಕ ಒದಗಿಸುವುದು, ನುಗ್ಗೆ, ಪರಂಗಿ, ಕರಿಬೇವಿನ ಸಸಿಗಳನ್ನು ಮನೆಯಂಗಳವಿರುವ ಬಡ ಕುಟುಂಬಗಳಿಗೆ ಮೊದಲು ನೀಡುವುದು, ಸಂತೆಯಲ್ಲಿ ಸೊಪ್ಪು ಮಾರುವವರ ಸುಂಕವನ್ನು ಇಳಿಸುವುದು ಅಲ್ಪ ವೆಚ್ಚದ ಕ್ರಮಗಳು. ಶಾಲೆಯಲ್ಲಿ ಕೊಡುವ ಮೊಟ್ಟೆ ಅಥವಾ ಬಾಳೆಹಣ್ಣು ಪ್ರತಿ ಮಗುವಿಗೂ ತಪ್ಪದೆ ತಲುಪುತ್ತಿದೆಯೇ ಎಂಬುದನ್ನು ಸದಸ್ಯರು ಶಾಲೆಗೆ ಹೋಗಿ ನೋಡಬೇಕು.

(ಈ) ಆಟ ಮತ್ತು ನಡಿಗೆಯ ಜಾಗ: ಉದ್ಯೋಗ ಖಾತರಿಯಡಿ ಶಾಲಾ ಆಟದ ಮೈದಾನಗಳನ್ನು ನಿರ್ಮಿಸಿದ ಅನುಭವ ರಾಜ್ಯದ ಪಂಚಾಯಿತಿಗಳಿಗಿದೆ. ಮೈದಾನ ಸಿದ್ಧವಾದರೆ ಸಾಲದು, ಹೆಣ್ಣುಮಕ್ಕಳೂ ಅಲ್ಲಿ ಆಡುವಂತಿರಬೇಕು. ಬೀದಿದೀಪ, ಶೌಚಾಲಯ, ಹೆಣ್ಣುಮಕ್ಕಳಿಗಾಗಿಯೇ ಗೊತ್ತುಪಡಿಸಿದ ವೇಳೆ ಇವು ಸಿಮೆಂಟಿನ ಕೆಲಸದಷ್ಟೇ ಮುಖ್ಯ. ಕೆರೆ ಏರಿಯ ಮೇಲೆ ದೀಪ ಹಾಕಿದರೆ ಮಹಿಳೆಯರು ಸಂಜೆ ನಡೆಯಬಲ್ಲರು.

(ಉ) ಸಭೆಗಳಲ್ಲಿ ಕೇಳುವುದು: ವಾರ್ಡ್ ಸಭೆ, ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆಗಳಲ್ಲಿ "ನಿಮಗೆ ಅಡ್ಡಿಯಾಗಿರುವುದೇನು?" ಎಂದು ಕೇಳಬೇಕು. ಪರಿಹಾರವನ್ನು ಮೊದಲೇ ನಿರ್ಧರಿಸಿ ಒಪ್ಪಿಗೆಯನ್ನಷ್ಟೇ ಪಡೆಯುವ ಸಭೆಯಿಂದ ಸಮತೆ ಬರುವುದಿಲ್ಲ.

7. ಅವಮಾನವಿಲ್ಲದ ಮಾತು

"ದಪ್ಪ", "ಡುಮ್ಮಿ" ಎಂಬ ಮಾತುಗಳಿಂದ ಯಾರ ತೂಕವೂ ಇಳಿಯುವುದಿಲ್ಲ. ಅವಮಾನಕ್ಕೆ ಒಳಗಾದವರು ತಪಾಸಣೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಅವಮಾನಗೊಂಡ ಮಗು ಆಟದ ಬಯಲಿನಿಂದ ದೂರ ಉಳಿಯುತ್ತದೆ. ಶಾಲೆಯಲ್ಲಿ ಮಕ್ಕಳ ತೂಕವನ್ನು ಎಲ್ಲರೆದುರು ಕೂಗಿ ಹೇಳಬಾರದು. ಶಿಬಿರದಲ್ಲಿ ಮಹಿಳೆಯರ ಸೊಂಟದ ಅಳತೆಯನ್ನು ಮಹಿಳಾ ಸಿಬ್ಬಂದಿಯೇ, ಮರೆಯಿರುವ ಜಾಗದಲ್ಲಿ ತೆಗೆದುಕೊಳ್ಳಬೇಕು. ಹೆರಿಗೆಯ ನಂತರ ತೂಕ ಹೆಚ್ಚಿದ ಸೊಸೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಮನೆಯಲ್ಲಿ, ಬುದ್ಧಿಮಾತು ಹೇಳಬೇಕಾದುದು ಆಕೆಗಷ್ಟೇ ಅಲ್ಲ, ಇಡೀ ಮನೆಗೆ.

8. ಒಂದು ಉದಾಹರಣೆ: ಅನುದಾನ ಎಲ್ಲಿಗೆ?

ಒಂದು ಗ್ರಾಮ ಪಂಚಾಯಿತಿಯನ್ನು ಭಾವಿಸಿಕೊಳ್ಳಬಹುದು. ಆರೋಗ್ಯಕ್ಕೆಂದು ಒಂದಿಷ್ಟು ಹಣ ಉಳಿದಿದೆ. ಪಂಚಾಯಿತಿ ಕಚೇರಿಯ ಮುಂದೆ ತೆರೆದ ವ್ಯಾಯಾಮ ಶಾಲೆಯನ್ನು ಸ್ಥಾಪಿಸಬೇಕೆಂಬ ಪ್ರಸ್ತಾವವಿದೆ. ಅದು ಎಲ್ಲರ ಕಣ್ಣಿಗೆ ಬೀಳುತ್ತದೆ, ಉದ್ಘಾಟನೆಗೂ ಒಪ್ಪುತ್ತದೆ. ಇನ್ನೊಂದು ಪ್ರಸ್ತಾವ ಪರಿಶಿಷ್ಟ ಜಾತಿಯ ಕಾಲೊನಿಯ ಸದಸ್ಯೆಯದು: ಕಾಲೊನಿಯಿಂದ ಶಾಲೆಯವರೆಗಿನ ಅರ್ಧ ಕಿಲೋಮೀಟರ್ ದಾರಿಗೆ ದೀಪ ಮತ್ತು ಪಾದಚಾರಿ ದಾರಿ, ಅಂಗನವಾಡಿಯ ಕೈತೋಟಕ್ಕೆ ನೀರಿನ ಕೊಳವೆ.

ನಿರ್ಧರಿಸುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರ ಲಾಭ ಮೊದಲು ಯಾರಿಗೆ ಮುಟ್ಟುತ್ತದೆ? ಯಾರಿಗೆ ಮುಟ್ಟುವುದೇ ಇಲ್ಲ, ಏಕೆ? ಇದನ್ನು ಬಳಸಲು ಜನರು ಹಣ, ಸಮಯ ಅಥವಾ ಮರ್ಯಾದೆಯನ್ನು ಕಳೆದುಕೊಳ್ಳಬೇಕೇ? ಎರಡು ವರ್ಷಗಳ ನಂತರ ಇದರ ನಿರ್ವಹಣೆ ಯಾರದು? ಕಚೇರಿಯ ಮುಂದಿನ ವ್ಯಾಯಾಮ ಸಲಕರಣೆಯನ್ನು ಬಹುತೇಕ ಯುವಕರು ಬಳಸುತ್ತಾರೆ. ಗಂಡಸರು ಸೇರುವ ಜಾಗದಲ್ಲಿ ಮಹಿಳೆಯರು ಬಂದು ವ್ಯಾಯಾಮ ಮಾಡುವುದು ಕಷ್ಟ. ಎರಡನೆಯ ಪ್ರಸ್ತಾವದಿಂದ ಮಕ್ಕಳು ನಡೆದು ಶಾಲೆಗೆ ಹೋಗುತ್ತಾರೆ, ಸಂಜೆ ಹೆಂಗಸರು ನಿರ್ಭಯವಾಗಿ ತಿರುಗಾಡುತ್ತಾರೆ, ಗರ್ಭಿಣಿಯ ತಟ್ಟೆಗೆ ಸೊಪ್ಪು ಬರುತ್ತದೆ. ವ್ಯಾಯಾಮ ಶಾಲೆ ಬೇಡವೆಂದು ಇದರ ಅರ್ಥವಲ್ಲ. ಯಾವುದು ಮೊದಲು ಎಂಬುದು ಪ್ರಶ್ನೆ.

ಮಾದರಿ ನಿರ್ಣಯ

"ಬೊಜ್ಜು ಮತ್ತು ಅಪೌಷ್ಟಿಕತೆ ತಡೆಯ ಯಾವುದೇ ಕಾಮಗಾರಿ ಅಥವಾ ಕಾರ್ಯಕ್ರಮವನ್ನು ಅನುಮೋದಿಸುವ ಮೊದಲು ಅದರ ಲಾಭ ಯಾವ ವಾರ್ಡಿಗೆ, ಯಾವ ವರ್ಗಕ್ಕೆ ಎಷ್ಟು ಮುಟ್ಟುವುದೆಂಬ ಟಿಪ್ಪಣಿಯನ್ನು ಸಭೆಯ ಮುಂದೆ ಇಡತಕ್ಕದ್ದು. ಸೌಕರ್ಯ ಅತಿ ಕಡಿಮೆಯಿರುವ ಜನವಸತಿಗೆ ಮೊದಲ ಆದ್ಯತೆ ನೀಡತಕ್ಕದ್ದು. ಆರು ತಿಂಗಳಿಗೊಮ್ಮೆ ತಪಾಸಣೆಯ ಪ್ರಗತಿಯನ್ನು ಜನವಸತಿವಾರು ಪರಿಶೀಲಿಸತಕ್ಕದ್ದು."

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯಲ್ಲಿ 30 ವರ್ಷ ಮೇಲ್ಪಟ್ಟವರ ತಪಾಸಣೆ ಅತಿ ಕಡಿಮೆ ಆಗಿರುವ ಜನವಸತಿ ಯಾವುದು? ಕಾರಣವೇನು?

2. ಶಾಲೆಯ ದ್ವಾರದಿಂದ 50 ಮೀಟರ್ ಒಳಗೆ ಎಷ್ಟು ಅಂಗಡಿಗಳಿವೆ? ಅಲ್ಲಿ ಐದು ರೂಪಾಯಿಗೆ ಮಗುವಿಗೆ ಏನು ದೊರೆಯುತ್ತದೆ?

3. ಸಂಜೆ ಆರರ ನಂತರ ಮಹಿಳೆಯರು ನಿರ್ಭಯವಾಗಿ ನಡೆಯಬಲ್ಲ ಒಂದು ದಾರಿಯಾದರೂ ಪ್ರತಿ ಹಳ್ಳಿಯಲ್ಲಿ ಇದೆಯೇ?

4. ಕಳೆದ ವರ್ಷ ಆರೋಗ್ಯಕ್ಕೆ ಖರ್ಚಾದ ಹಣದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ವಿಕಲಚೇತನರಿಗೆ ತಲುಪಿದ ಪಾಲು ಎಷ್ಟು?

ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಕುಳಿತು ಈ ನಾಲ್ಕು ಪ್ರಶ್ನೆಗಳ ಉತ್ತರವನ್ನು ಬರೆದಿಟ್ಟುಕೊಳ್ಳುವುದು. ಉತ್ತರಗಳು ದೊರೆತಲ್ಲಿ ಅನುದಾನ ಎಲ್ಲಿಗೆ ಹೋಗಬೇಕೆಂಬುದು ಸಭೆಗೆ ತಾನಾಗಿಯೇ ತಿಳಿಯುವುದು.